ಬಾಯೋರ ಬೀಪಿ

"ನೀರು ಮುಟ್ಟಬ್ಯಾಡ ಅಂದೇನಿಲ್ಲೋ?"

ಮಹಾನಂದಾ ತಮ್ಮನ ಹೆಂಡತಿಯ ಕೈಯಿಂದ ತಂಬಿಗೆ ಕಿತ್ತುಕೊಂಡಳು. ಅರ್ಧ ನೀರು ಸುಮಂಗಲಾಳ ಸೀರೆಯ ಮೇಲೆ ಚೆಲ್ಲಿತು, ಉಳಿದರ್ಧ ಹೆಣದ ಪಾದದ ಮೇಲೆ.

ಗೊಬ್ಬೂರಿನ ಆ ಓಣಿಯ ಹೆಂಗಸರು ಹಳೆಯ ಸೀರೆಗಳನ್ನು ಮರೆ ಹಿಡಿದು ನಿಂತಿದ್ದರು. ನಡುವೆ ಹಲಗೆಯ ಮೇಲೆ ಸಾಬವ್ವ ಮಲಗಿದ್ದಳು. ನಿನ್ನೆ ಸಂಜೆ ರೊಟ್ಟಿ ಬಡಿಯುತ್ತಿದ್ದವಳು ಬಾಯಿ ಸೊಟ್ಟಗಾಗಿ ಒಲೆಯ ಮುಂದೆಯೇ ಕುಸಿದಳಂತೆ. ದವಾಖಾನೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಆಳಂದದಿಂದ ಮೊದಲ ಬಸ್ಸಿಗೆ ಬಂದಿಳಿದ ಮಗಳು ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು.

"ತಲಿ ನೋಯ್ತದ, ಕಣ್ಣು ಮಂಜಾಗ್ತಾವ ಅಂತ ಅವ್ವ ಫೋನಿನಾಗ ನನಗ ಹೇಳ್ತಿದ್ಳು. ಬಾಜೂಕಿದ್ದ ನಿನಗ ಕೇಳ್ಸಲಿಲ್ಲೇನು ಬೇ? ಒಂದ್ಸಲ ಬೀಪಿ ನೋಡಸಾಕ ನಿನಗೇನು ಧಾಡಿ ಆಗಿತ್ತು?"

"ಅತ್ತಿನೇ ಒಲ್ಲೆ ಅಂತಿದ್ಳಕ್ಕಾ. ಬಿಸಿಲಿಗೆ ತಲಿ ನೋಯ್ತದ ಬಿಡು ಅಂತಿದ್ಳು."

"ಹಾಕು, ಸತ್ತಾಕಿ ಮ್ಯಾಲೇ ಹಾಕು."

ಸಾವಿನ ಮನೆಯಲ್ಲಿ ತಪ್ಪು ಹೊರಲು ಒಬ್ಬರು ಬೇಕೇ ಬೇಕು. ಸೊಸೆ ಕೈಗೆ ಸಿಕ್ಕಳೆಂದರೆ ಬೇರೆಯವರನ್ನು ಹುಡುಕುವ ತಾಪತ್ರಯವೇ ಇರುವುದಿಲ್ಲ. ಸುಮಂಗಲಾ ಒದ್ದೆ ಸೀರೆಯಲ್ಲೇ ಗೋಡೆಗೆ ಆತು ನಿಂತಳು. ಅವ್ವನನ್ನು ಕೊಂದದ್ದು ಇವಳ ಅಸಡ್ಡೆಯೇ ಎಂದು ಮಹಾನಂದಾ ಗಟ್ಟಿಮಾಡಿಕೊಂಡಿದ್ದಳು. ಅದನ್ನು ನಾಲ್ಕು ಜನರೆದುರು ಒಪ್ಪಿಸದೆ ಅವ್ವನನ್ನು ಮಣ್ಣಿಗಿಡಲು ಅವಳಿಗೆ ಮನಸ್ಸಿರಲಿಲ್ಲ.

ಬಿಳಿ ಬಟ್ಟೆ ಹೊದಿಸಿ ಹೆಣವನ್ನು ಅಂಗಳಕ್ಕೆ ತಂದರು. ಮಗ ಧಮ್ಮಪಾಲ ತಲೆಯ ಬಳಿ ಮೇಣದಬತ್ತಿ ಹಚ್ಚಿದ. ಬುದ್ಧನ ತ್ರಿಸರಣ ಹೇಳಿ ಮುಗಿಯುವ ಹೊತ್ತಿಗೆ, ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹೆಂಗಸು ಓಣಿಯ ತುದಿಯಿಂದ ವಿಚಾರಿಸುತ್ತಾ ಬಂದಳು. ತಾಲೂಕಿನ ದವಾಖಾನೆಯ ನರ್ಸ್ ವಜೀರುನ್ನಿಸಾ.

"ಸಾಬವ್ವ ಗಂಡ ಚಂದ್ರಾಮ, ಇವರ ಮನಿ ಇದೇನ್ರಿ? ಆರೋಗ್ಯದ ಸರ್ವೇದಾಗ ಹೋದ ಸಲ ಬಂದಾಗ ಕೀಲಿ ಹಾಕಿತ್ತು, ಅದಕ್ಕ..." ಅಂಗಳದ ಜನವನ್ನು ಕಂಡು ಮಾತು ನಿಂತಿತು.

"ಬರ್ರಿ, ಬರ್ರಿ! ಸರಿಯಾದ ಹೊತ್ತಿಗೆ ಬಂದೀರಿ," ಎಂದಳು ಮಹಾನಂದಾ. "ಅಲ್ಲೇ ಮಲಗ್ಯಾಳ ನೋಡ್ರಿ. ಅಳೀರಿ. ಎಷ್ಟು ಬರ್ತದ ಬರಕೋರಿ."

ವಜೀರುನ್ನಿಸಾ ಸೆರಗು ತಲೆಯ ಮೇಲೆಳೆದುಕೊಂಡು, ಕೈಮುಗಿಯಲು ಹೆಣದ ಹತ್ತಿರ ಬಂದಳು. ಗದ್ದದ ಮೇಲಿನ ಹಸಿರು ಹಚ್ಚೆಬೊಟ್ಟು ಕಂಡು ಅಲ್ಲೇ ನಿಂತುಬಿಟ್ಟಳು.

"ಯಾ ಅಲ್ಲಾ! ಇವರು ಭಾಗೀರಥಿಬಾಯಿ ಅಲ್ಲೇನ್ರಿ?"

"ಯಾ ಭಾಗೀರಥಿಬಾಯಿ? ನಮ್ಮವ್ವ ಇಕಿ."

"ವ್ಯಂಕಟೇಶ ವಕೀಲರ ತಾಯೀರಿ. ಅವರ ಮನ್ಯಾಗ ನಾನೇ ಇವರ ತೋಳಿಗೆ ಪಟ್ಟಿ ಕಟ್ಟೇನಿ. ಬೀಪಿ ಭಾಳ ಇತ್ತು. ಗುಳಿಗಿ ಶುರು ಮಾಡಿಸೇನಿ, ವಕೀಲರು ತಿಂಗಳಾ ತಿಂಗಳಾ ಬಂದು ಒಯ್ತಾರ. ಗುಳಿಗಿ ತಗೊಂಡೂ ಹಿಂಗ್ಯಾಕಾತು?"

ಮಹಾನಂದಾ ಸುಮಂಗಲಾಳ ಕಡೆ ತಿರುಗಿದಳು. ಸುಮಂಗಲಾ ಗೋಡೆಗುಂಟ ಜಾರಿ ಕೆಳಗೆ ಕೂತಳು.

"ವಕೀಲರ ಮನಿ ಬಾಯೋರು ಆಣಿ ಹಾಕ್ಸಿದ್ರಂತಕ್ಕಾ," ಎಂದು ಶುರುಮಾಡಿದಳು.

* * *

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಸರ್ವೆಯವರು ಊರಿಗೆ ಬಂದಿದ್ದರು. ಈ ಸೀಮೆಯ ಜನ ಎಷ್ಟು ಸುಖವಾಗಿದ್ದಾರೆ, ಎಷ್ಟು ಗಟ್ಟಿಯಾಗಿದ್ದಾರೆ ಎಂದು ಮನೆಮನೆ ಹೊಕ್ಕು ಅಳೆಯುವ ಕೆಲಸ. ವಕೀಲ ವ್ಯಂಕಟೇಶನ ಮಗಳು ಮಂಜರಿಗೆ ಆಗ ಜೇವರ್ಗಿಯ ಕಡೆಯ ಗಂಡು ಗೊತ್ತಾಗುವುದರಲ್ಲಿತ್ತು. ಬೀಗರಾಗುವವರು ಮನೆತನದಲ್ಲಿ ಸಕ್ಕರೆಕಾಯಿಲೆ, ಬೀಪಿ ಏನಾದರೂ ಉಂಟೋ ಎಂದು ಕೆದಕಿ ಕೆದಕಿ ಕೇಳುವ ಜನ. ಸರ್ವೆಯವರ ಬಾಯಿಯೋ, ಒಂದೂರಿನ ಸುದ್ದಿ ಇನ್ನೊಂದೂರಿಗೆ. ವ್ಯಂಕಟೇಶನ ತಾಯಿ ಭಾಗೀರಥಿಬಾಯಿಗೆ ಮೊದಲೇ ತಲೆಸುತ್ತು. ಹಾಗಾಗಿ ವಕೀಲನ ಕಣ್ಣು ಅಂಗಳ ಗುಡಿಸುತ್ತಿದ್ದ ಸಾಬವ್ವನ ಮೇಲೆ ಬಿತ್ತು. ದುಡಿದು ಕಲ್ಲಾದ ಜೀವ, ಇವಳಿಗೆಂಥ ರೋಗ?

ಆ ಮನೆಯ ಹೊಸ್ತಿಲನ್ನು ಸಾಬವ್ವ ಅಲ್ಲಿಯವರೆಗೆ ದಾಟಿದವಳಲ್ಲ. ನೀರಡಿಸಿದರೆ ಬೊಗಸೆ ಒಡ್ಡಬೇಕು, ಮೇಲಿನಿಂದ ಹೊಯ್ಯುತ್ತಿದ್ದರು. ಅವತ್ತು ಮಾತ್ರ ಬಾಯಿಯವರ ಇಳಕಲ್ ಸೀರೆ ಉಡಿಸಿ ನಡುಮನೆಯ ಕುರ್ಚಿಯ ಮೇಲೆ ಕೂಡಿಸಿದರು. ಅವಶ್ಯಕತೆ ಬಿದ್ದರೆ ಮಡಿಯೂ ಎಷ್ಟು ಮೆತ್ತಗಾಗುತ್ತದೆ!

"ಹೆಸರು ಕೇಳಿದ್ರ ಭಾಗೀರಥಿಬಾಯಿ ಅನ್ನು. ಬ್ಯಾರೆ ಏನೂ ಮಾತಾಡಬ್ಯಾಡ," ಎಂದಿದ್ದ ವ್ಯಂಕಟೇಶ.

ನರ್ಸ್ ತೋಳಿಗೆ ಪಟ್ಟಿ ಬಿಗಿದು ನೋಡಿದಳು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ನೋಡಿದಳು.

"ಭಾಗೀರಥಿಬಾಯಿ, ಬೀಪಿ ಭಾಳ ಅದ ನಿಮಗ. ದಿನಾ ಗುಳಿಗಿ ತಗೋಬೇಕು. ಬಿಟ್ರ ಲಕ್ವಾ ಹೊಡದು ಬಾಯಿ ಸೊಟ್ಟಾಗ್ತದ."

ನರ್ಸ್ ಹೋದ ಮೇಲೆ ಸಾಬವ್ವ ಸೀರೆ ಬದಲಿಸಿ ಅಂಗಳಕ್ಕಿಳಿದು, ಬಾಗಿಲಲ್ಲಿ ನಿಂತಿದ್ದ ಭಾಗೀರಥಿಬಾಯಿಗೆ ಕೈಮುಗಿದಳು. "ಬಾಯೋರ, ನಿಮಗ ಬೀಪಿ ಭಾಳ ಅದಂತ್ರಿ. ಗುಳಿಗಿ ತಪ್ಪಿಸಬ್ಯಾಡ್ರಿ, ನಿಮ್ಮ ಕಾಲು ಬೀಳ್ತೇನಿ."

"ಹೂಂ, ತಗೋತೇನಿ. ನೀ ಮಾತ್ರ ಯಾರ ಮುಂದೂ ಅನಬ್ಯಾಡ. ಮಂಜರಿ ಆಣಿ ಅದ."

ಸಂಜೆ ಒಲೆಯ ಮುಂದೆ ಸೊಸೆಗಷ್ಟೇ ಹೇಳಿ, ಕುರ್ಚಿಯ ಮೇಲೆ ಕೂತದ್ದನ್ನು ನೆನೆದು ನಕ್ಕಳು. ಪಾಪ ಬಾಯೋರು ಎಂದು ಇಬ್ಬರೂ ಮರುಗಿದರು. ಹೆಸರು ಬಾಯಿಯವರದು, ಕುರ್ಚಿ ಬಾಯಿಯವರದು, ಸೀರೆ ಬಾಯಿಯವರದು. ಅಂದಮೇಲೆ ರೋಗವೂ ಅವರದೇ. ಆ ಗುಡಿಸಲಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಕಾಯ್ದೆ ಓದಿದ ವ್ಯಂಕಟೇಶನಿಗೆ ಎಲ್ಲವೂ ಗೊತ್ತಿತ್ತು. ತಾಯಿಯ ತಲೆಸುತ್ತಿಗೆ ಇರಲಿ ಎಂದು ಅವನು ಗುಳಿಗೆ ತರುತ್ತಾ ಹೋದ.

* * *

ಮಣ್ಣಿಗೆ ಹೋಗುವ ದಾರಿ ವಕೀಲನ ಮನೆಯ ಮುಂದೆಯೇ ಹಾಯುತ್ತದೆ. ವ್ಯಂಕಟೇಶ ಕಟ್ಟೆಯ ಮೇಲೆ ನಿಂತು ಚಟ್ಟಕ್ಕೆ ಕೈಮುಗಿದ.

"ಇಳಸ್ರಿ," ಎಂದಳು ಮಹಾನಂದಾ.

"ಅಕ್ಕಾ, ನಡುದಾರ್ಯಾಗ..." ಧಮ್ಮಪಾಲ ತಡವರಿಸಿದ.

"ಅವ್ವ ಈ ಮನ್ಯಾಗ ಕುರ್ಚಿ ಮ್ಯಾಲ ಕೂತಾಕಿ. ಇಳಸು ಅಂದೆ."

ಚಟ್ಟ ಕಟ್ಟೆಗೆ ತಾಗಿ ಇಳಿಯಿತು. ವ್ಯಂಕಟೇಶ ಎರಡು ಹೆಜ್ಜೆ ಹಿಂದೆ ಸರಿದ. "ಏನಿದು? ನಮ್ಮ ಬಾಗಲಾಗ ಯಾಕ?"

"ವಕೀಲ ಸಾಹೇಬ್ರ, ನಿಮ್ಮ ತಾಯಿ ಸತ್ತಾಳ. ಸರ್ಕಾರದ ಲೆಕ್ಕದಾಗ ಇಕಿನೇ ಭಾಗೀರಥಿಬಾಯಿ. ಬರ್ರಿ, ಹೆಗಲು ಕೊಡ್ರಿ."

"ನಾಲಿಗಿ ಬಿಗಿಹಿಡಿ! ಕೇಸು ಹಾಕ್ತೇನಿ."

"ಹಾಕ್ರಿ. ಯಾರ ಹೆಸರಿಲೆ ಹಾಕ್ತೀರಿ?"

ಗದ್ದಲಕ್ಕೆ ಭಾಗೀರಥಿಬಾಯಿ ಹೊರಗೆ ಬಂದಳು. ಚಟ್ಟದ ಮೇಲಿನ ಮುಖ ನೋಡಿದಳು, ಜನರ ನಡುವೆ ನಿಂತಿದ್ದ ವಜೀರುನ್ನಿಸಾಳ ಚೀಲ ನೋಡಿದಳು. ಮಗ ತಡೆದರೂ ಕೇಳದೆ ಕಟ್ಟೆಯ ಮೇಲೆ ಕೂತು, ತಾನಾಗಿಯೇ ತೋಳು ಚಾಚಿದಳು.

ವಜೀರುನ್ನಿಸಾ ಪಟ್ಟಿ ಕಟ್ಟಿ ಗಾಳಿ ಹಾಕಿದಳು. ಮುಳ್ಳು ನೋಡಿ ಏನೋ ಗೊಣಗಿದಳು.

"ಜೋರಾಗಿ ಹೇಳ್ರಿ," ಎಂದಳು ಮಹಾನಂದಾ. "ಅವ್ವಗ ಕೇಳ್ಲಿ."

"ಸರಿ ಅದರೀ." ಎಂದಳು ನರ್ಸ್. "ಗುಳಿಗಿ ಛಲೋ ಹತ್ಯಾವ."

ಮಹಾನಂದಾಳಿಗೆ ಆಗ ಅಳು ಬಂತು. ಬೆಳಗಿನಿಂದ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಬಂತು. ಒದ್ದೆ ಸೀರೆಯ ಸುಮಂಗಲಾಳ ರಟ್ಟೆ ಹಿಡಿದು, "ನಡಿ ಬೇ," ಎಂದಳು. ಚಟ್ಟ ಮತ್ತೆ ಹೆಗಲಿಗೇರಿತು. ವಜೀರುನ್ನಿಸಾ ಯಂತ್ರವನ್ನು ಅಲ್ಲೇ ಬಿಟ್ಟು ಜನರ ಹಿಂದೆ ನಡೆದಳು.

ಕಟ್ಟೆಯ ಮೇಲೆ ಭಾಗೀರಥಿಬಾಯಿ ಚಾಚಿದ ತೋಳನ್ನು ಮಡಚದೆ ಕೂತಿದ್ದಳು. ತೋಳಿಗೆ ಸುತ್ತಿದ ಪಟ್ಟಿಯಿಂದ ಗಾಳಿ ಸುಯ್ಯೆಂದು ಸಣ್ಣಗೆ ಹೋಗುತ್ತಿತ್ತು. ಬಿಚ್ಚಲು ಯಾರೂ ಬರಲಿಲ್ಲ.