ಅಂಗೈಯಗಲದ ಬೆಳಕು

ಮಕ್ಕಳ ಫೋನ್ ಆ್ಯಪಿನ ಆ ಗಿಳಿಯನ್ನು ಮಹಾಮಾಯಾ ಬಹಳ ಮುದ್ದಿನಿಂದ ಮಾಡಿದ್ದಳು. ಆ್ಯಪ್ ತೆರೆದ ಕೂಡಲೇ ಅದು ರೆಕ್ಕೆ ಬಡಿಯುತ್ತ ಬಂದು, ಬೀದರಿನ ಬಳಿಯ ಅಷ್ಟೂರಿನ ಸುಲ್ತಾನರ ಗೋರಿಯ ಗುಂಬಜದೊಳಗಿನ ಚಿತ್ರಗಳ ಇತಿಹಾಸವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿತ್ತು. ಸುತ್ತಲೂ ಇಸವಿಗಳು, ಸುಲ್ತಾನರ ವಂಶಾವಳಿ, ಬಣ್ಣಗಳ ಪಟ್ಟಿ, ಆರು ಬಟನ್‌ಗಳು. ಮಕ್ಕಳಿಗೆ ಕಲೆಯ ಚರಿತ್ರೆ ಕಲಿಸುವುದೆಂದರೆ ಇದ್ದಬದ್ದದ್ದನ್ನೆಲ್ಲ ಮೊದಲ ಪುಟದಲ್ಲೇ ಸುರಿಯುವುದು ಎಂದು ಭಾಲ್ಕಿಯ ಈ ಜಾಣೆಗೆ ಯಾರು ಹೇಳಿಕೊಟ್ಟರೋ ದೇವರೇ ಬಲ್ಲ.

ಔರಾದಿನ ಒಂದು ಶಾಲೆಯಲ್ಲಿ ಮಕ್ಕಳ ಕೈಗೆ ಕೊಟ್ಟು ನೋಡಿದ್ದಾಯಿತು. ಎಂಟನೆಯ ತರಗತಿಯ ಗುಡಿಯಾ ಗಿಳಿಯನ್ನು ಹನ್ನೊಂದು ಸಲ ಒತ್ತಿ, ಹೊಟ್ಟೆ ತುಂಬ ನಕ್ಕು, ಫೋನು ವಾಪಸು ಕೊಟ್ಟಳು. ಚಿತ್ರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಉಳಿದವರದೂ ಅದೇ ಹಾಡು.

ಬೀದರಿನ ಕಚೇರಿಯಲ್ಲಿ ಯಜಮಾನ ಮಚ್ಛೇಂದ್ರ ಮುಖಕ್ಕೆ ಹೊಡೆದಂತೆ ಹೇಳಿದ: “ಹದಿನೈದು ದಿನ ಕೊಡ್ತೇನಿ. ಅದೇ ಸಾಲ್ಯಾಗ ಮತ್ತೊಮ್ಮೆ ತೋರ್ಸು. ಹುಡುಗೂರು ನೋಡ್ಲಿಲ್ಲಂದ್ರ ಈ ಕೆಲಸಾ ಬಂದ್.”

ಒಂದು ವರ್ಷದ ದುಡಿತ. ಮಹಾಮಾಯಾ ಮತ್ತೆ ಅಷ್ಟೂರಿಗೆ ಹೋದಳು, ಇನ್ನಷ್ಟು ಫೋಟೊ ತೆಗೆಯಲು. ಕಡಿಮೆಯಾಗಿದ್ದು ಫೋಟೊ ಎಂದೇ ಅವಳ ಲೆಕ್ಕ. ಬುದ್ಧಿ ಇನ್ನೂ ಬಂದಿರಲಿಲ್ಲ.

ಗುಂಬಜದೊಳಗೆ ಕತ್ತಲು. ಬಾಗಿಲ ಹೊರಗೆ ಬಿಸಿಲಿನಲ್ಲಿ ನಿಜಾಮೋದ್ದೀನ ದೊಡ್ಡದೊಂದು ಕನ್ನಡಿ ಹಿಡಿದು ನಿಂತಿದ್ದರು. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗಿನ ಚಿತ್ರಗಳ ಮೇಲೆ ಬೀಳಿಸಿ, ಬಂದವರಿಗೆ ತೋರಿಸುವುದು ಅವರ ಕಾಯಕ.

“ಚಾಚಾ, ಲಗೂನ ಎಲ್ಲಾ ಕಡಿ ಬೆಳಕು ಹಾಕ್ರಿ,” ಎಂದಳು.

ಅವರು ಅವಳನ್ನು ಹೊಸ್ತಿಲೊಳಗೆ ಒಂದು ಬದಿಗೆ, ಬಾಗಿಲ ಬೆಳಕು ಮುಖಕ್ಕೆ ಬೀಳುವಂತೆ ನಿಲ್ಲಿಸಿದರು. “ನಿಂದ್ರಿ ಬೇಟಿ. ಮೊದಲ ಕಣ್ಣ ಮುಚ್ರಿ. ಕತ್ತಲಿ ಕಣ್ಣಿಗಿ ಹೊಂದ್ಲಿ.”

ಮುಚ್ಚಿದಳು. ತೆರೆದಾಗ ಮೇಲೆ ಅಂಗೈಯಗಲದ ಬೆಳಕು. ಅದರಲ್ಲಿ ಒಂದೇ ಒಂದು ಹೂವು. ಮಿಕ್ಕಿದ್ದೆಲ್ಲ ಕತ್ತಲು. ಎಷ್ಟೋ ಸಲ ಫೋಟೊ ತೆಗೆದಿದ್ದ ಆ ಹೂವನ್ನು ಅವಳು ಅವತ್ತೇ ನೋಡಿದ್ದು. ಅದರ ಬಳ್ಳಿ ಎಲ್ಲಿಗೆ ಹೋಯಿತೆಂದು ಕತ್ತು ಎಡಕ್ಕೆ ಹೊರಳಿಸಿದಳು. ಬೆಳಕೂ ಎಡಕ್ಕೆ ಬಂತು!

“ನಾ ಹೇಳಲೇ ಇಲ್ಲಲ್ರಿ! ಹ್ಯಾಂಗ ಗೊತ್ತಾತು?”

“ನಾ ಮ್ಯಾಲಿನ ಛತ್ ನೋಡೋದಿಲ್ಲರಿ, ಮಂದಿ ಮಾರಿ ನೋಡ್ತೇನಿ. ಮಾರಿ ಯಾ ಕಡಿ ತಿರುಗ್ತದೋ, ಕನ್ನಡಿ ಆ ಕಡಿ ತಿರುಗಸ್ತೇನಿ. ಎಲ್ಲಾ ಒಮ್ಮೆಲೇ ತೋರಿಸಿದ್ರ ಯಾರೂ ಏನೂ ನೋಡಂಗಿಲ್ಲರಿ.”

ಕಾಲೇಜಿನಲ್ಲಿ ನಾಲ್ಕು ವರ್ಷ ಮಣ್ಣು ಹೊತ್ತೆನೇ ಎನ್ನಿಸಿತು ಮಹಾಮಾಯಾಗೆ. ಆ ಮನುಷ್ಯನಿಗೆ ಕೈಮುಗಿಯಬೇಕೆನ್ನಿಸಿತು. ಮುಗಿದಳು ಕೂಡ.

ಮನೆಗೆ ಬಂದವಳೇ ಗಿಳಿಯನ್ನು ಹಾರಿಬಿಟ್ಟಳು. ವಂಶಾವಳಿಯನ್ನು ಕಿತ್ತಳು, ಬಟನ್‌ಗಳನ್ನು ಕಿತ್ತಳು. ಈಗ ಆ್ಯಪ್ ತೆರೆದರೆ ಹತ್ತು ಎಣಿಸುವವರೆಗೆ ಬರೀ ಕತ್ತಲು. ಆಮೇಲೆ ಒಂದು ಚೂರು ಬೆಳಕು, ಬೆರಳು ಹೋದ ಕಡೆ ಹೋಗುತ್ತದೆ. ಬೆರಳು ಒಂದೆಡೆ ನಿಂತರೆ ಮಾತ್ರ ಅಲ್ಲಿನ ಸಂಗತಿ ಒಂದು ಸಾಲಿನಲ್ಲಿ ಮೂಡುತ್ತದೆ.

“ಫೋನ್ ಕೆಟ್ಟದ ಅಂತ ತಿಳೀತಾರ ನೋಡು,” ಎಂದು ಗೊಣಗುತ್ತಲೇ ಮಚ್ಛೇಂದ್ರ ಔರಾದಿಗೆ ಜೊತೆಗೆ ಬಂದ.

ಹಾಗೇ ಆಯಿತು. ಗುಡಿಯಾ ಫೋನನ್ನು ಎರಡು ಸಲ ಕೊಡವಿದಳು. “ಗಿಳಿ ಎಲ್ಲದರಿ?” ಎಂದಳು.   ಮಹಾಮಾಯಾ ಫೋನಿನ ಕಡೆ ನೋಡದೆ ಹುಡುಗಿಯ ಮುಖವನ್ನೇ ನೋಡುತ್ತ ಕೂತಳು. ಬೆಳಕು ಮೂಡಿತು. ಗುಡಿಯಾಳ ಬೆರಳು ಮೆಲ್ಲಗೆ ಬಳ್ಳಿಯ ಬೆನ್ನು ಹತ್ತಿತು. ಊಟದ ಗಂಟೆ ಹೊಡೆಯಿತು, ಹುಡುಗಿ ಏಳಲಿಲ್ಲ.

“ಇದು ಯಾರು ಬರದಾರ್ರಿ? ಅಷ್ಟ ಎತ್ತರದಾಗ ಹ್ಯಾಂಗ ಬರದರು?”

ಮಚ್ಛೇಂದ್ರ ಮಹಾಮಾಯಾಳ ಕಡೆ ನೋಡಿ, “ಮುಂದುವರಸು,” ಎಂದಷ್ಟೇ ಹೇಳಿ ಹೊರಗೆ ಹೋದ.

ಮರುದಿನ ಬೆಳಿಗ್ಗೆಯೇ ಅವಳು ಅಷ್ಟೂರಿಗೆ ಓಡಿದಳು. ನಿಜಾಮೋದ್ದೀನರನ್ನು ನೆರಳಿಗೆ ಕರೆದು ಕೈಗೆ ಫೋನು ಕೊಟ್ಟಳು. ಅವರ ಒರಟು ಬೆರಳು ಅಂಜುತ್ತಂಜುತ್ತ ಬೆಳಕನ್ನು ಸರಿಸಿತು. ಒಂದೆಡೆ ತಟ್ಟನೆ ನಿಂತಿತು.

“ಅಲ್ಲಿ ಇಷ್ಟು ಕೆಂಪು ಬಣ್ಣ ಅದ ಏನ್ರಿ?”

“ಯಾಕ ಚಾಚಾ, ನೀವು ನೋಡಿಲ್ಲೇನ್ರಿ?”

“ಸಣ್ಣವಿದ್ದಾಗ ನೋಡಿದ್ದು, ಆಗ ನಮ್ಮ ಅಬ್ಬಾ ಕನ್ನಡಿ ಹಿಡೀತಿದ್ರು. ಅವರು ಹೋಗಿ ಮೂವತ್ತು ವರ್ಷಾತು. ಬಿಸಿಲಾಗ ನಿಂತ ಕಣ್ಣಿಗಿ ಒಳಗಿನ ಛತ್ ಬರೇ ಕತ್ತಲಿ ಬೇಟಿ. ನಾ ಒಳಗ ಹೋದ್ರ ಕನ್ನಡಿ ಯಾರು ಹಿಡೀಬೇಕು?”

 ಮಹಾಮಾಯಾ ಗೋಡೆಗೆ ಒರಗಿಸಿದ್ದ ಕನ್ನಡಿಯನ್ನು ಎತ್ತಿಕೊಂಡು ಬಿಸಿಲಿಗೆ ಹೋಗಿ ನಿಂತಳು.

“ಒಳಗ ಹೋಗ್ರಿ ಚಾಚಾ. ಮೊದಲ ಕಣ್ಣ ಮುಚ್ರಿ.”

ಕನ್ನಡಿ ಭಾರವಾಗಿತ್ತು, ಬೆಳಕು ಗೋಡೆಯ ತುಂಬ ಕುಣಿಯಿತು. “ಮೆಲ್ಲಕ,” ಎಂದರು ಒಳಗಿನಿಂದ.  ಅವಳು ಛಾವಣಿ ನೋಡಲಿಲ್ಲ, ಹೊಸ್ತಿಲ ಬಳಿ ಕಾಣುತ್ತಿದ್ದ ಅವರ ಮುಖ ನೋಡಿದಳು. ಆ ಮುಖ ಮೆಲ್ಲಗೆ ಎಡಕ್ಕೆ ತಿರುಗಿತು. ಅವಳು ಕನ್ನಡಿಯನ್ನು ಎಡಕ್ಕೆ ತಿರುಗಿಸಿದಳು.