ಎರಡು ಪಾವು ಉಪ್ಪು

೧೯೭೬ರ ಆಗಸ್ಟ್ ಹದಿನಾಲ್ಕು, ಬೆಳಿಗ್ಗೆ ಆರು ಗಂಟೆ. ಶಂಕರಮ್ಮನ ಹಂಡೆಯ ನೀಲಿ ನೀರಿನಲ್ಲಿ ಹನ್ನೊಂದು ಬಿಳಿ ನೂಲಿನ ಲಂಗಗಳು ಕುದಿಯುತ್ತಿದ್ದವು. ಮರುದಿನ ನ್ಯಾಮತಿಯ ಶಾಲೆಯ ಹುಡುಗಿಯರು ಅವನ್ನು ತೊಟ್ಟು ಕವಾಯತು ಮಾಡಬೇಕು. ಶಾಲೆ ಅವಳಿಗೆ ಬಣ್ಣದ ಕೆಲಸ ಕೊಟ್ಟದ್ದು ಇದೇ ಮೊದಲು. ಲಂಗ ಪೇಲವವಾದರೆ ಇದೇ ಕೊನೆ.

ಕೋಲಿನಿಂದ ಒಂದನ್ನೆತ್ತಿ ನೋಡಿದಳು. ನೀರು ಕಡುನೀಲಿ, ಬಟ್ಟೆ ಮಾತ್ರ ತೆಳು. ಉಪ್ಪು ಬೀಳದೆ ಈ ಬಣ್ಣ ನೀರನ್ನು ಬಿಟ್ಟು ನೂಲಿಗೆ ಸರಿಯಾಗಿ ಹತ್ತುವುದಿಲ್ಲ. ಎರಡು ಪಾವು ಬೇಕು. ಬುಟ್ಟಿಗೆ ಕೈಹಾಕಿದರೆ, ಹೆಂಚಿನ ಸಂದಿನಿಂದ ಸೋರಿದ ಮಳೆ ಉಪ್ಪನ್ನೆಲ್ಲ ಕರಗಿಸಿತ್ತು. ಅಂಗಡಿ ತೆರೆಯಲು ಇನ್ನೂ ಎರಡು ತಾಸು. ಸೌದೆ ಒಂದು ತಾಸಿನದು.

ಉಳಿದದ್ದು ಹಿತ್ತಿಲಾಚೆಯ ಓರಗಿತ್ತಿ ಅಜ್ಜಮ್ಮನ ಮನೆ. ಎರಡು ವರ್ಷದ ಹಿಂದೆ, ಇಬ್ಬರಿಗೂ ಸೇರಿದ ತಂತಿಯ ಮೇಲೆ ಶಂಕರಮ್ಮ ಹರವಿದ ಕೆಂಪು ಬಟ್ಟೆ ಅಜ್ಜಮ್ಮನ ಬಿಳಿ ಸೀರೆಗೆ ಬಣ್ಣ ಬಿಟ್ಟಿತ್ತು. ಅಂದಿನಿಂದ ಮಾತಿರಲಿಲ್ಲ.

"ಅಕ್ಕಾ, ಎರಡು ಪಾವು ಉಪ್ಪು ಬೇಕಿತ್ತು," ಎಂದಳು ಬಾಗಿಲಲ್ಲಿ ನಿಂತು.

"ನಿಂಗೆ ನಾಲಿಗೆ ಐತೇನೇ? ಬಿದ್ದೋಗೈತೆ ಅನ್ಕೊಂಡಿದ್ದೆ."

"ಹಂಡೆ ಕುದಿಯಾಕೆ ಹತ್ತೈತೆ. ಆಮ್ಯಾಲೆ ಬೈಯುವಂತೆ."

ಅಜ್ಜಮ್ಮ ಅಳೆದು, ಬಟ್ಟಲಲ್ಲಿ ತಂದು ಚಾಚಿದಳು. ಶಂಕರಮ್ಮ ಕೈ ಮುಂದೆ ಮಾಡಲಿಲ್ಲ. ಉಪ್ಪು ಕೈಯಿಂದ ಕೈಗೆ ದಾಟಿದರೆ ಜಗಳವಾಗುತ್ತದೆಂದು ಊರಿನ ನಂಬಿಕೆ, ನೆಲಕ್ಕಿಡಲೆಂದು ಕಾದಳು.

"ಹಿಡಿಯೇ. ಆಗೋ ಜಗಳ ಎಲ್ಲಾ ಆಗೈತೆ!"

ಉಪ್ಪು ಕೈಯಿಂದ ಕೈಗೇ ದಾಟಿತು.

ಮುಕ್ಕಾಲು ತಾಸಿಗೆ ಹಂಡೆಯ ನೀರು ತೆಳುವಾಯಿತು, ಲಂಗಗಳು ಕಡುನೀಲಿಯಾದವು. ಅವನ್ನು ಹಿಂಡುತ್ತಿದ್ದಾಗ ಅಜ್ಜಮ್ಮ ಕಂಕುಳಲ್ಲಿ ಅದೇ ಸೀರೆಯನ್ನಿಟ್ಟುಕೊಂಡು ಬಂದಳು.

"ಮಿಕ್ಕ ಬಣ್ಣಕ್ಕೆ ಇದನ್ನೂ ಮುಳುಗಿಸು."

"ಆ ಕೆಂಪು ಕಲೆ ಹೋಗಲ್ಲಕ್ಕಾ."

"ಹೋಗು ಅಂದೋರು ಯಾರು?"

ಸಂಜೆ ಶಂಕರಮ್ಮ ಅಂಗಡಿಯಿಂದ ಉಪ್ಪು ತಂದು, ಪಾವಿನ ಬಾಯಿ ಮಟ್ಟ ಸವರಿ ಎರಡು ಪಾವು ಅಳೆದು ಅದೇ ಬಟ್ಟಲಲ್ಲಿ ಒಯ್ದಳು. ಅಜ್ಜಮ್ಮ ಒಂದು ಪಾವು ಸುರುವಿಕೊಂಡು, ಉಳಿದದ್ದನ್ನು ಬಟ್ಟಲು ಸಮೇತ ಹಿಂದಕ್ಕೆ ತಳ್ಳಿದಳು.

"ಲೆಕ್ಕ ಎರಡು ಪಾವಲ್ವಾ ಅಕ್ಕಾ?"

"ಎಲ್ಲಾ ಇವತ್ತೇ ತೀರಿಸಿದ್ರೆ ನಾಳೆ ಏನಂತ ಬರ್ತೀಯ?"

ಶಂಕರಮ್ಮ ಬಟ್ಟಲು ಹಿಡಿದು ಹಿತ್ತಿಲಿಗೆ ಬಂದಳು. ತಂತಿಯ ಮೇಲೆ ಹನ್ನೊಂದು ಲಂಗಗಳು. ಪಕ್ಕದಲ್ಲಿ ತಿಳಿನೀಲಿ ಸೀರೆ, ಅದರ ನಡುವೆ ಅಂಗೈಯಗಲದ ನೇರಳೆ ಕಲೆ. ಗಾಳಿಗೆ ಸೀರೆ ಬಂದು ಲಂಗಗಳನ್ನು ತಾಗುತ್ತಿತ್ತು. ಅವಳು ಅದನ್ನು ದೂರ ಸರಿಸಲಿಲ್ಲ.