ದೆವ್ವಕ್ಕೆ ಬಾರದ ಇಂಗ್ಲಿಷು

"ಈಕಿ ಹತ್ತನೇ ಕ್ಲಾಸು ಮೆಟ್ಟೋದರೊಳಗ ನಾನು ಇಂಗ್ಲಿಷ್ ಪಾಸ್ ಮಾಡ್ತೀನಪ್ಪ" ಎಂದು ಮಗಳು ಮೇಘಾಳನ್ನು ತೊಟ್ಟಿಲಿಗೆ ಹಾಕಿದ ದಿನ ನಮ್ಮಪ್ಪ ಪಕ್ಕೀರಪ್ಪನಿಗೆ ಮಾತು ಕೊಟ್ಟಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಉಳಿದದ್ದೆಲ್ಲ ಪಾಸಾಗಿ ಅದೊಂದರಲ್ಲೇ ಡುಮ್ಕಿ ಹೊಡೆದವಳು ನಾನು. "ನೋಡೂಣು ತಗೋ" ಎಂದು ಅಪ್ಪ ಎಲೆಅಡಿಕೆ ಬಾಯಿಗೆ ಹಾಕಿಕೊಂಡ.

ಆಮೇಲೆ ನಾಲ್ಕು ಸಲ ಕಟ್ಟಿದೆ. ನಾಲ್ಕು ಸಲವೂ ಹೋಯಿತು. ಬೆಳಗ್ಗೆ ಅಂಗನವಾಡಿಯಲ್ಲಿ ಆಯಾ ಕೆಲಸ, ಮಧ್ಯಾಹ್ನದ ಮೇಲೆ ಜಂಪರು ಹೊಲಿಯೋದು. ಓದೋ ಹೊತ್ತಿಗೆ ಕಣ್ಣು ತಾವೇ ಮುಚ್ಚುತ್ತಿದ್ದವು. ತೊಂಬತ್ತೆಂಟರ ಹೊತ್ತಿಗೆ ಮೇಘಾ ಒಂಬತ್ತನೇ ಕ್ಲಾಸಿಗೆ ಬಂದಿದ್ದಳು.

"ಯವ್ವಾ, ಈ ಏಪ್ರಿಲ್ ಬಿಟ್ರ ನಿನ್ನ ಮಾತು ಮುಳುಗಿಹೋತು ನೋಡು" ಎಂದಳು.

ನನ್ನ ತೊಡಕು ಇಂಗ್ಲಿಷಿನ ಲೆಂಡ್ ಮತ್ತು ಬಾರೋ. ಕೊಟ್ಟರೂ ಕಡ, ತಂದರೂ ಕಡ ಅನ್ನೋ ಕೂಡ್ಲಿಗಿಯವಳಿಗೆ ಇವೆರಡು ಯಾಕೆ ಬೇಕು? ಬ್ರಿಂಗ್, ಟೇಕ್ ಕೂಡ ಹಂಗೇ ಕೂಡಿಕೊಂಡು ಕಾಡುತ್ತಿದ್ದವು. ಮೇಘಾ ಒಂದು ಉಪಾಯ ಮಾಡಿದಳು. ಸಾಮಾನು ಹೊರಗೆ ಹೋಗೋ ಮಾತು, ಲೆಂಡ್ ಮತ್ತು ಟೇಕ್, ಬಾಗಿಲ ಹೊರಮೈಗೆ; ಒಳಗೆ ಬರೋ ಮಾತು, ಬಾರೋ ಮತ್ತು ಬ್ರಿಂಗ್, ಒಳಮೈಗೆ. ಸುಣ್ಣದ ಕಡ್ಡಿಯಲ್ಲಿ ದಪ್ಪಗೆ ಬರೆದಳು.

ಆ ದಿನಗಳಲ್ಲಿ ರಾತ್ರಿ ಬಾಗಿಲು ಬಡಿಯೋ ದೆವ್ವದ ಸುದ್ದಿ ಹಬ್ಬಿತ್ತು. ಓಣಿ ತುಂಬ ಬಾಗಿಲ ಮೇಲೆ "ನಾಳೆ ಬಾ". ಎದುರುಮನೆ ಕನಕಮ್ಮ ನಮ್ಮ ಬಾಗಿಲನ್ನು ಬಹಳ ಹೊತ್ತು ನೋಡಿದಳು.

"ಕನ್ನಡದಾಗ ಬರೆದ್ರ ಅದು ಓದಿಕೊಂಡು ದಿನಾ ಬರ್ತೈತಿ. ಇಂಗ್ಲಿಷ್ ಆದ್ರ ಗಾಬರಿ ಬಿದ್ದು ಹೋಗ್ತೈತಿ. ಓದಿದ ಮಗಳು ಅದಾಳ, ನಿನಗೇನವ್ವ!"

"ಅಕ್ಕಾ, ಇದು ಪರೀಕ್ಷೆಗೆ..."

"ನಮಗ್ಯಾಕ ಮುಚ್ಚಿಡ್ತಿ ಬಿಡು."

ಮೂರು ದಿನದಲ್ಲಿ ಹತ್ತೊಂಬತ್ತು ಮನೆಗಳ ಬಾಗಿಲ ಮೇಲೆ ಇಂಗ್ಲಿಷು. ಅಕ್ಷರ ಗೊತ್ತಿದ್ದವರು ನೋಡಿ ಬರೆದರು, ಗೊತ್ತಿಲ್ಲದವರು ಚಿತ್ರದಂಗೆ ತಿದ್ದಿದರು. ಆದರೆ ಯಾರಿಗೂ ಒಳಗು ಹೊರಗಿನ ಲೆಕ್ಕವಿಲ್ಲ. ಅಂಗನವಾಡಿಗೆ ಹೋಗುವಾಗ ಅದೇ ಉಲ್ಟಾ ಇಂಗ್ಲಿಷು ಕಣ್ಣಿಗೆ ಬಿದ್ದು, ಕಲಿತದ್ದೂ ಮರೆತುಹೋಗತೊಡಗಿತು. ಪರೀಕ್ಷೆಗೆ ಹದಿನೈದೇ ದಿನ. ತಡೆಯಲಾರದೆ ಕನಕಮ್ಮನಿಗೆ ಅಂದೆ: "ಅಕ್ಕಾ, ಒಳಗಿಂದು ಹೊರಗ ಬರ್ದೀರಿ. ಇದು ದೆವ್ವನ ಕರೆದು ಮನಿಯೊಳಗ ಕೂಡ್ಸಿದಂಗ ಆತು."

ತಮಾಷೆಗೆ ಅಂದದ್ದು. ಕನಕಮ್ಮ ಚೀರಿದ್ದು ಬಸ್ ಸ್ಟ್ಯಾಂಡಿಗೆ ಕೇಳಿರಬೇಕು. ಅವತ್ತಿನಿಂದ ಮನೆಮನೆಯಿಂದಲೂ ನನಗೆ ಕರೆ. ಅಳಿಸೋದು, ತಿದ್ದೋದು. ಬರೀ ಬರೆದರೆ ಸಾಲದು, ಅರ್ಥ ಹೇಳಬೇಕು. ಹೇಳದಿದ್ದರೆ ಮಂತ್ರ ಫಲಿಸೋದಿಲ್ಲವಂತೆ. ಓಣಿಯ ಕೊನೆಮನೆ ತಿಪ್ಪೇರುದ್ರಮ್ಮಜ್ಜಿಯ ಪ್ರಶ್ನೆಗಳು ಪರೀಕ್ಷಾ ಮಂಡಳಿಯವಕ್ಕಿಂತ ಬಿಗಿ.

"ಪಕ್ಕದ ಮನಿ ಗಾದೆಮ್ಮ ನಮ್ಮ ಒನಕಿ ಒಯ್ದು ಆರು ತಿಂಗಳಾತು. ಅದಕ್ಕೇನಂತಾರ?"

"ನೀವು ಲೆಂಡ್ ಮಾಡೀರಿ, ಆಕಿ ಬಾರೋ ಮಾಡ್ಯಾಳ."

"ಒಯ್ದದ್ದನ್ನ ಹೊಳ್ಳಿ ಕೊಡಲಾರದ್ದಕ್ಕ ಏನಂತಾರ?"

"ಅದು ಪುಸ್ತಕದಾಗ ಇಲ್ಲಜ್ಜಿ."

"ಹಂಗಾರ ಅದೆಂಥಾ ಇಂಗ್ಲಿಷ್ ಲೇ!"

ಮಾರನೇ ದಿನ ಅಜ್ಜಿಯ ಪ್ರಶ್ನೆ ಕಡ ಹೋದ ಜರಡಿಯದು, ಅದರ ಮಾರನೇ ದಿನ ಹೆಪ್ಪಿನ ಮೊಸರಿನದು. ಹತ್ತೊಂಬತ್ತು ಹೊಸ್ತಿಲಲ್ಲಿ ನಿಂತು ಹೇಳಿದ್ದನ್ನೇ ಹೇಳಿ ನನ್ನ ಗಂಟಲು ಕಟ್ಟಿತು.

ಏಪ್ರಿಲ್‌ನಲ್ಲಿ ಪ್ರಶ್ನೆಪತ್ರಿಕೆ ಬಂತು. ಸರಿಯಾದ ಕ್ರಿಯಾಪದ ಆರಿಸಿ ಅಂತ ಹತ್ತು ಅಂಕ. ಪ್ರತಿ ವಾಕ್ಯಕ್ಕೂ ಮನಸ್ಸಿನಲ್ಲೇ ಒಂದೊಂದು ಮನೆಯ ಹೊಸ್ತಿಲಲ್ಲಿ ನಿಂತೆ. ಸಾಮಾನು ಹೊರಗೆ ಹೊರಟಿದೆಯೋ, ಒಳಗೆ ಬರುತ್ತಿದೆಯೋ ನೋಡಿದೆ, ಬರೆದೆ. ಮೇಲ್ವಿಚಾರಕರು ಎರಡು ಸಲ ಬಂದು, "ಯಾಕ್ರಿ ಅಮ್ಮ, ಕಣ್ಣು ಮುಚ್ಚಿ ಕುಂತೀರಿ, ಆರಾಮಿಲ್ಲೇನ್ರಿ?" ಎಂದು ಕೇಳಿದರು.

ಮೇ ತಿಂಗಳಲ್ಲಿ ಫಲಿತಾಂಶ. ಇಂಗ್ಲಿಷಿಗೆ ಮೂವತ್ತಾರು. ಪಾಸಿಗೆ ಮೂವತ್ತೈದು ಸಾಕು. ದೆವ್ವ ಯಾರ ಮನೆಗೂ ಬರಲಿಲ್ಲ ಎಂದು ಓಣಿಯವರು ಅದರ ಶ್ರೇಯಸ್ಸನ್ನೂ ನನಗೇ ಕೊಟ್ಟರು.

ಜೂನ್ ಒಂದಕ್ಕೆ ಮೇಘಾ ಹತ್ತನೇ ಕ್ಲಾಸಿಗೆ ಹೋದಳು. ಅಪ್ಪನಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಂಡೆ.